ಚಿನ್ನದ ದರ್ಜೆಗೆ ಇನ್ನು ಸಾವಿರ ಪಾಯಿಂಟು

ಹಡಗಿನಲ್ಲಿ ಇಪ್ಪತ್ತೆರಡು ಜನಕ್ಕೆ ಹೊತ್ತುಹೊತ್ತಿಗೆ ಬೇಯಿಸಿ ಬಡಿಸುವ ಗಂಡಸು ಮನೆಯಲ್ಲಿ ಇಬ್ಬರ ಅನ್ನವನ್ನು ಸೀಯಿಸಿಬಿಟ್ಟರೆ ಯಾರ ಹತ್ತಿರ ಹೇಳಿಕೊಳ್ಳುವುದು? ಅಕ್ಕಪಕ್ಕದವರಿಗೆ ಹೇಳುವ ಅಗತ್ಯವೇ ಇರಲಿಲ್ಲ. ಸೀದ ವಾಸನೆ ಆಗಲೇ ಓಣಿಯ ಕೊನೆಯ ಮನೆಯವರೆಗೆ ನಡೆದುಹೋಗಿ ಸುದ್ದಿ ಮುಟ್ಟಿಸಿತ್ತು.

ರೊಸೆಂದಾ ಮೀನಿನ ಚೀಲ ಕೆಳಗಿಟ್ಟು ಒಳಗೆ ಬಂದಾಗ ಗಂಡ ದೆಲ್ಫಿನ್ ಒಲೆಗೆ ಬೆನ್ನು ಹಾಕಿ ಕೂತಿದ್ದ. ಎರಡೂ ಹೆಬ್ಬೆರಳು ಫೋನಿನ ಮೇಲಿದ್ದವು.

"ಅನ್ನ ಸೀದಿದೆ."

"ಹ್ಞೂಂ. ಇದೊಂದು ಆಟ."

"ಹಡಗಲ್ಲಿ ಹಿಂಗೆ ಮಾಡಿದ್ರೆ ನಿನ್ನ ಕ್ಯಾಪ್ಟನ್ನು ಪಾತ್ರೆ ಸಮೇತ ಸಮುದ್ರಕ್ಕೆ ಎಸೀತಿದ್ದ."

"ಹಡಗಲ್ಲಿ ಯಾರೂ ಪಾಯಿಂಟ್ ಕೊಡಲ್ಲ ಕಣೇ," ಅಂದ ದೆಲ್ಫಿನ್. ಆಮೇಲೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. ಖಾತೆಯಲ್ಲಿ ಉಳಿದಿದ್ದ ಕೊನೆಯ ನೂರ ಎಂಬತ್ತು ಪೆಸೊ ಈಗಷ್ಟೇ ಹೋಗಿತ್ತು.

ಅವನು ಹತ್ತು ತಿಂಗಳ ಕರಾರು ಮುಗಿಸಿ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಇಲೋಯ್ಲೋ ಕಡೆಯ ಈ ಓಣಿಗಳಲ್ಲಿ ಮನೆಗೊಬ್ಬರಂತೆ ಹಡಗಿನವರು. ರಜೆಗೆ ಬಂದ ಹಡಗಿನವನು ಮೊದಲ ತಿಂಗಳು ನೆಂಟ, ಎರಡನೆಯ ತಿಂಗಳು ಗಂಡ, ಮೂರನೆಯ ತಿಂಗಳು ಮನೆಯ ಇನ್ನೊಂದು ಕುರ್ಚಿ ಎಂದು ಹೆಂಗಸರು ನಗುವುದುಂಟು. ದೆಲ್ಫಿನ್ ಬಂದ ವಾರದಲ್ಲೇ ಫೋನಿನಲ್ಲಿ ಪೋಕರ್ ಎಂಬ ದುಡ್ಡಿನ ಇಸ್ಪೀಟಾಟ ಹಿಡಿದು ನೇರವಾಗಿ ಕುರ್ಚಿಯೇ ಆಗಿಬಿಟ್ಟಿದ್ದ.

ಅವನು ಕೆಟ್ಟವನಲ್ಲ. ಕುಡಿಯುವುದಿಲ್ಲ, ಬೈಯುವುದಿಲ್ಲ. ಇಸ್ಪೀಟು ಅವನಿಗೆ ಚೆನ್ನಾಗಿ ಬರುತ್ತದೆ, ಅದನ್ನು ಊರೇ ಒಪ್ಪುತ್ತದೆ. ಆ ಪೋಕರ್ ತಾಣದಲ್ಲಿ ಆಡಿದಷ್ಟೂ ಪಾಯಿಂಟು ಸಿಗುತ್ತದೆ. ತಿಂಗಳಿಗೆ ಸಾವಿರ ಪಾಯಿಂಟಾದರೆ ಬೆಳ್ಳಿ ದರ್ಜೆ, ಮೂರು ಸಾವಿರವಾದರೆ ಚಿನ್ನದ ದರ್ಜೆ. ದೆಲ್ಫಿನ್ ಈಗ ಬೆಳ್ಳಿ. ಈ ತಿಂಗಳು ಎರಡು ಸಾವಿರ ಪಾಯಿಂಟು ಕೂಡಿತ್ತು. ತಿಂಗಳು ಮುಗಿಯಲು ಏಳು ದಿನ ಉಳಿದಿತ್ತು.

"ಇನ್ನು ಸಾವಿರ ಪಾಯಿಂಟು ಕಣೇ ರೊಸೆಂದಾ. ಚಿನ್ನ ಆದ ದಿನವೇ ಎರಡು ಸಾವಿರ ಪೆಸೊ ಉಡುಗೊರೆ. ಒಂದನೇ ತಾರೀಖು ಬಂತೂ ಅಂದ್ರೆ ಎಲ್ಲಾ ಸೊನ್ನೆಯಿಂದ ಶುರು. ಇಷ್ಟು ದಿನ ಆಡಿದ್ದೆಲ್ಲ ಹೊಳೇಲಿ ಹುಣಸೇಹಣ್ಣು."

"ಅದಕ್ಕೆ?"

"ಆ ಹದಿನೆಂಟು ಸಾವಿರದಲ್ಲಿ ಐದು ಸಾವಿರ ಕೊಡು. ಒಂದು ವಾರ ಅಷ್ಟೇ. ಜೂಜಿಗೆ ಕೇಳ್ತಿಲ್ಲ ನಾನು. ದರ್ಜೆ ಉಳಿಸ್ಕೊಳ್ಳೋಕೆ ಕೇಳ್ತಿದೀನಿ."

ಹದಿನೆಂಟು ಸಾವಿರ ಪೆಸೊ ರೊಸೆಂದಾಳ ಫೋನಿನ ವಾಲೆಟ್ಟಿನಲ್ಲಿತ್ತು. ಮುಂದಿನ ಹಡಗು ಹತ್ತಲು ದೆಲ್ಫಿನ್ ಎರಡನೇ ತಾರೀಖು ಮನಿಲಾದಲ್ಲಿ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಹಳತಾದ ತರಬೇತಿ ಪತ್ರಗಳನ್ನು ಹೊಸದು ಮಾಡಿಸಬೇಕು, ಹೋಗಿಬರುವ ಖರ್ಚು ಬೇರೆ. ಒಂದು ಪೆಸೊ ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ದಿನ ತಪ್ಪಿದರೆ ಏಜೆಂಟರು ಅವನ ಹೆಸರನ್ನು ಪಟ್ಟಿಯ ಬುಡಕ್ಕೆ ತಳ್ಳುತ್ತಾರೆ. ಮತ್ತೆ ಆರು ತಿಂಗಳು ಕುರ್ಚಿ.

ರೊಸೆಂದಾ ತಕ್ಷಣ ಇಲ್ಲ ಅನ್ನಲಿಲ್ಲ. ಅವಳ ಮನಸ್ಸಿನಲ್ಲೂ ಒಂದು ಆಸೆ ಇತ್ತು. ಆ ತಾಣದಲ್ಲಿ ಪಾಯಿಂಟು ಕೊಟ್ಟು ಸಾಮಾನು ಕೊಳ್ಳುವ ಅಂಗಡಿಯೂ ಉಂಟು. ಅಲ್ಲಿ ಕೆಂಪು ಬಣ್ಣದ ಒಂದು ರೈಸ್ ಕುಕ್ಕರನ್ನು ಅವಳೇ ತೋರಿಸಿ, "ಇದು ಎಷ್ಟು ಪಾಯಿಂಟು?" ಎಂದು ಕೇಳಿದ್ದಳು. ಸಾವಿರದ ಐನೂರು. ಚಿನ್ನದ ದರ್ಜೆ ಆದಮೇಲೆ ತಗೊಳ್ಳೋಣ ಎಂದು ಅವನು ಅಂದಿದ್ದ. ಅವಳು ಅದನ್ನು ಇಡಲು ಕಪಾಟಿನಲ್ಲಿ ಜಾಗವನ್ನೂ ನೋಡಿಟ್ಟಿದ್ದಳು.

"ಮೊದಲು ಸಾವಿನ ಮನೆಗೆ ಹೋಗಿಬರೋಣ. ಆಮೇಲೆ ನೋಡೋಣ," ಅಂದಳು.

ಓಣಿಯ ಹಿರಿಯ ಮೀನುಗಾರ ಅಬುಂದಿಯೊ ತೀರಿಕೊಂಡು ಐದು ದಿನವಾಗಿತ್ತು. ಮಗಳು ಅರಬ್ ದೇಶದಿಂದ ಬರುವವರೆಗೆ ಮಣ್ಣು ಮಾಡುವಂತಿರಲಿಲ್ಲ. ಮನೆಯೊಳಗೆ ಹೆಣದ ಪೆಟ್ಟಿಗೆ, ಹೊರಗೆ ಓಣಿಗೆ ಅಡ್ಡಲಾಗಿ ಟಾರ್ಪಾಲು, ಅದರ ಕೆಳಗೆ ನಾಲ್ಕು ಮೇಜು. ಕಾಫಿ, ಬಿಸ್ಕತ್ತು, ಇಸ್ಪೀಟು. ಸತ್ತವರನ್ನು ಒಂಟಿಯಾಗಿ ಬಿಡಬಾರದು, ಕೂತವರಿಗೆ ನಿದ್ದೆಯೂ ಬರಬಾರದು, ಅದಕ್ಕೆ ಆಟ. ಪ್ರತಿ ಆಟದಲ್ಲೂ ಗೆದ್ದ ರಾಶಿಯಿಂದ ಒಂದು ಪಾಲು ತೆಗೆದು ಡಬ್ಬಿಗೆ ಹಾಕಬೇಕು. ಅದಕ್ಕೆ ತೋಂಗ್ ಎನ್ನುತ್ತಾರೆ. ಡಬ್ಬಿ ತುಂಬಿದರೆ ಸತ್ತವರ ಮನೆಗೆ ಪೆಟ್ಟಿಗೆಯ ಖರ್ಚು, ಕಾಫಿಯ ಖರ್ಚು ಹುಟ್ಟುತ್ತದೆ.

ಈ ಓಣಿಯಲ್ಲಿ ಯಾರೇ ಸತ್ತರೂ ತೋಂಗ್ ಡಬ್ಬಿ ದೆಲ್ಫಿನ್ ಕೈಗೇ ಬರುತ್ತಿತ್ತು. ಅಷ್ಟು ನಂಬಿಕೆ. ಅವತ್ತೂ ಹಾಲಿನ ಪುಡಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಪ್ರತಿ ರಾಶಿಗೂ ಐದು ಪೆಸೊ ಎಣಿಸಿ ಹಾಕಿಸಿದ. ರೊಸೆಂದಾ ಹೆಂಗಸರ ಜೊತೆ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು.

ಸಂಜೆ ನಾಲ್ಕು ಗಂಟೆಗೆ ಒಂದು ಮೇಜು ಎದ್ದಿತು. ತ್ರಿಚಕ್ರ ಗಾಡಿ ಓಡಿಸುವ ನೊನಿತೊ ಜೇಬು ಮುಟ್ಟಿ ನೋಡಿಕೊಂಡ.

"ನೂರ ಹತ್ತು ಹೋಯ್ತು ನಂದು. ನಿಂದು?"

"ತೊಂಬತ್ತು," ಅಂದ ಎದುರಿನವನು.

"ನಂದು ಎಪ್ಪತ್ತು," ಅಂದ ಮೂರನೆಯವನು. "ನಾನು ಗೆದ್ದಿದೀನಿ ಅಂದ್ಕೊಂಡಿದ್ದೆ. ಇಪ್ಪತ್ತು ಆಟ ಹೊಡೆದಿದ್ದೆ."

"ಹಂಗಾದ್ರೆ ಗೆದ್ದಿದ್ದು ಯಾರಯ್ಯಾ?"

ನೊನಿತೊ ಒಳಗಿನ ಪೆಟ್ಟಿಗೆಯ ಕಡೆ ಗದ್ದ ಎತ್ತಿ ತೋರಿಸಿದ. "ಇನ್ಯಾರು, ಅಬುಂದಿಯೊ. ಬದುಕಿದ್ದಾಗ ಒಂದು ಆಟ ಗೆಲ್ಲಲಿಲ್ಲ ಮುದುಕ. ಈಗ ನೋಡು, ಮಲಗಿಕೊಂಡೇ ಎಲ್ಲರ ದುಡ್ಡು ಬಾಚ್ತಿದಾನೆ."

ವಿಧವೆಯೂ ನಕ್ಕಳು. ಸಾವಿನ ಮನೆಯಲ್ಲಿ ಹಾಗೆ ನಗಿಸುವುದೂ ಒಂದು ಉಪಕಾರವೇ. ದೆಲ್ಫಿನ್ ಡಬ್ಬಿಯನ್ನು ಅವಳ ಕೈಗಿಟ್ಟ. ಎಷ್ಟು ಎಂದು ಅವನು ಎಣಿಸಲಿಲ್ಲ, ಕೊಟ್ಟವರೂ ಕೇಳಲಿಲ್ಲ. ತೋಂಗಿಗೆ ಹಾಕಿದ್ದನ್ನು ಲೆಕ್ಕ ಇಡಬಾರದು ಎಂಬುದು ಅಲ್ಲಿಯ ನಡವಳಿಕೆ. ಅದು ಸತ್ತವರ ಹೆಸರಿನದು, ಕಳೆದುಕೊಂಡದ್ದಲ್ಲ.

ಹೋಗುವಾಗ ವಿಧವೆ ಬಾಗಿಲವರೆಗೆ ಬಂದು ಕಳಿಸಿಕೊಡಲಿಲ್ಲ, ಅದೂ ಪದ್ಧತಿಯೇ. ಇವರೂ ನೇರ ಮನೆಗೆ ಹೋಗುವಂತಿಲ್ಲ. ಸಾವಿನ ಮನೆಯಿಂದ ಹೊರಟವರು ನಡುವೆ ಎಲ್ಲಾದರೂ ನಿಂತು, ಏನಾದರೂ ತಿಂದು, ಬೆನ್ನಿಗೆ ಬಂದಿರಬಹುದಾದದ್ದನ್ನು ಅಲ್ಲೇ ಕೊಡವಿ ಹೋಗಬೇಕು. ಕೊಡವುವುದಕ್ಕೆ ಓಣಿಯವರೆಲ್ಲರ ಜಾಗ ಒಂದೇ, ಬಾಚೊಯ್ ಎಂಬ ಶಾವಿಗೆ ಸಾರು ಮಾರುವ ರಿಸಲಿನಾಳ ಅಂಗಡಿ. ನೊನಿತೊ ತನ್ನ ಗಾಡಿಯಲ್ಲೇ ಇಬ್ಬರನ್ನೂ ಕರೆತಂದ.

ರಿಸಲಿನಾಗೆ ಮೂವತ್ತೈದರ ಆಸುಪಾಸು. ಆರು ವರ್ಷ ಮನಿಲಾದಲ್ಲಿ ಕೆಲಸ ಮಾಡಿ, ಕಣ್ಣು ನೋವು, ಬೆನ್ನು ನೋವು ಕಟ್ಟಿಕೊಂಡು ಬಂದು, ತಾಯಿಯ ಅಂಗಡಿ ಹಿಡಿದವಳು. ಮೂರು ಬಟ್ಟಲು ಬಿಸಿ ಸಾರು, ಅದರಲ್ಲಿ ಮುಳುಗಿದ ಶಾವಿಗೆ, ಮೇಲೆ ಹುರಿದ ಬೆಳ್ಳುಳ್ಳಿ ತಂದಿಟ್ಟಳು.

ಅಷ್ಟರಲ್ಲಿ ದೆಲ್ಫಿನ್ ಫೋನು ಗುಂಯ್‌ಗುಟ್ಟಿತು. ಅವನು ಓದಿ ಹೆಂಡತಿಯ ಮುಂದೆ ಹಿಡಿದ. 'ದೆಲ್ಫಿನ್, ಚಿನ್ನ ನಿಮ್ಮ ಬಾಗಿಲಲ್ಲೇ ಇದೆ. ಇನ್ನು ಸಾವಿರ ಪಾಯಿಂಟು, ಇನ್ನು ಏಳೇ ದಿನ.'

"ನೋಡು, ಅವರಿಗೇ ನನ್ನ ಮೇಲೆ ಎಷ್ಟು ಕಾಳಜಿ. ಕಳಿಸೇ ಮಾರಾಯ್ತಿ."

ರೊಸೆಂದಾ ಫೋನು ತೆಗೆದಳು. ಮಧ್ಯಾಹ್ನವೆಲ್ಲ ಯೋಚಿಸಿ ಅವಳ ಮನಸ್ಸು ಹೂಂ ಅನ್ನುವ ಕಡೆಗೇ ವಾಲಿತ್ತು. ಒಂದು ವಾರ ತಾನೆ. ಐದು ಸಾವಿರದ ಅಂಕಿ ಒತ್ತಿದಳು. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರಿಂದ ಕೆಳಗಿನ ಸಣ್ಣ ಅಕ್ಷರ ಕಾಣಲಿಲ್ಲ.

"ಇಂದಾಯ್, ಇಲ್ಲಿ ಬಾರೇ," ಎಂದು ರಿಸಲಿನಾಳನ್ನು ಕರೆದಳು. ತಮಗಿಂತ ಚಿಕ್ಕ ಹೆಂಗಸರನ್ನು ಅಲ್ಲಿ ಹಾಗೆ ಕರೆಯುತ್ತಾರೆ. "ಇದೇನೋ ಕೇಳ್ತಿದೆ ನೋಡು. ಎಲ್ಲಿ ಒತ್ತಬೇಕು?"

ರಿಸಲಿನಾ ಬಗ್ಗಿ ನೋಡಿದಳು. ಒತ್ತಲಿಲ್ಲ. ಕೈಯೊರೆಸಿಕೊಂಡು ಪಕ್ಕದ ಸ್ಟೂಲು ಎಳೆದು ಕೂತಳು.

"ಅಕ್ಕಾ, ಇದು ಪೋಕರ್ ತಾಣಕ್ಕೆ ಹೋಗೋ ದುಡ್ಡು. ಗೊತ್ತಿದ್ದೇ ಕಳಿಸ್ತಿದೀಯಾ?"

"ಗೊತ್ತು. ಅವನ ಚಿನ್ನದ ದರ್ಜೆಗೆ."

"ನೊಂಗ್ ದೆಲ್ಫಿನ್," ಅಂದಳು ರಿಸಲಿನಾ. ನೊಂಗ್ ಅಂದರೆ ಅಣ್ಣ. "ನಾನು ಮನಿಲಾದಲ್ಲಿ ಏನು ಕೆಲಸ ಮಾಡ್ತಿದ್ದೆ ಅಂತ ಯಾವತ್ತಾದ್ರೂ ಕೇಳಿದೀಯಾ?"

"ಫೋನ್ ಆಫೀಸು ಅಂತ ನಿಮ್ಮಮ್ಮ ಅಂತಿದ್ಲು."

"ಇಂಥದ್ದೇ ಒಂದು ತಾಣದ ಗ್ರಾಹಕರ ವಿಭಾಗ. 'ಚಿನ್ನ ನಿಮ್ಮ ಬಾಗಿಲಲ್ಲೇ ಇದೆ' ಅಂತ ಬಂತಲ್ಲ ಈಗ, ಅಂಥದ್ದನ್ನ ನಾನು ದಿನಕ್ಕೆ ನಾನೂರು ಕಳಿಸ್ತಿದ್ದೆ. ತಿಂಗಳ ಕೊನೇ ವಾರ ಒಂದು ಪಟ್ಟಿ ಬರೋದು, ಮೇಲಿನ ದರ್ಜೆಗೆ ಸ್ವಲ್ಪದರಲ್ಲಿ ಇರೋರು ಅಂತ. ಮೂರು ದಿನ ಆಡದೆ ಇದ್ದೋರದ್ದು ಇನ್ನೊಂದು ಪಟ್ಟಿ. ಅವರಿಗೆ 'ನಿಮ್ಮ ನೆನಪಾಗ್ತಿದೆ' ಅಂತ ಕಳಿಸಬೇಕು. ನನಗೆ ಯಾರ ನೆನಪೂ ಆಗ್ತಿರಲಿಲ್ಲ ನೊಂಗ್. ನನಗೆ ಊಟದ ಬಿಡುವಿನದೊಂದೇ ನೆನಪು."

ನೊನಿತೊ ಕಿಸಕ್ಕನೆ ನಕ್ಕ. ದೆಲ್ಫಿನ್‌ಗೆ ಸಿಟ್ಟು ಬಂತು.

"ಹಂಗಾದ್ರೆ ಪಾಯಿಂಟ್ ಅನ್ನೋದೆಲ್ಲ ಮೋಸ ಅಂತೀಯಾ? ಸುಮ್ನೆ ಮಾತಾಡಬೇಡ. ಈ ತಿಂಗಳು ನನ್ನ ಖಾತೆಗೆ ಸಾವಿರ ಪೆಸೊ ಬಂದಿದೆ. ಪುಕ್ಕಟೆ. ಬೆಳ್ಳಿ ದರ್ಜೆಯೋರಿಗೆ ಕೊಡೋದು."

"ಮೋಸ ಅಂತ ನಾನಂದ್ನಾ? ಹೇಳಿದಷ್ಟು ಕೊಡ್ತಾರೆ. ನಿಯಮ ಎಲ್ಲ ಅಲ್ಲೇ ಬರೆದಿರುತ್ತೆ. ಆದ್ರೆ ಪುಕ್ಕಟೆ ಅಂದ್ಯಲ್ಲ, ಅದು ತಪ್ಪು. ಪಾಯಿಂಟು ಯಾತಕ್ಕೆ ಕೊಡ್ತಾರೆ, ಗೊತ್ತಾ?"

"ಚೆನ್ನಾಗಿ ಆಡಿದ್ದಕ್ಕೆ."

"ಇಲ್ಲ. ಗೆದ್ರೂ ಪಾಯಿಂಟು, ಸೋತ್ರೂ ಪಾಯಿಂಟು. ಹೌದೋ ಅಲ್ವೋ?"

ದೆಲ್ಫಿನ್ ಒಂದು ತುತ್ತು ಶಾವಿಗೆ ಬಾಯಿಗಿಟ್ಟ. ಹೌದೇ ಆಗಿತ್ತು.

"ಇವತ್ತು ಸಾವಿನ ಮನೇಲಿ ಡಬ್ಬಿ ಹಿಡಿದಿದ್ದು ನೀನೇ ತಾನೆ? ಪೋಕರ್ ತಾಣದೋರೂ ಡಬ್ಬಿ ಹಿಡಿದೇ ಕೂತಿರ್ತಾರೆ. ಪ್ರತಿ ರಾಶಿಯಿಂದ ನೂರಕ್ಕೆ ಐದು ಪೆಸೊ ತೋಂಗ್. ಆ ತೋಂಗಿನಲ್ಲಿ ನಿನ್ನ ಪಾಲು ಎಷ್ಟು ಅಂತ ಲೆಕ್ಕ ಇಡ್ತಾರೆ. ನಿನ್ನ ತಾಣದಲ್ಲಿ ಎಷ್ಟಕ್ಕೆ ಒಂದು ಪಾಯಿಂಟು? ನಿಯಮದ ಪುಟ ತೆಗಿ."

ಹುಡುಕಲು ಸ್ವಲ್ಪ ಹೊತ್ತಾಯಿತು. ನಾಲ್ಕು ತಿಂಗಳಲ್ಲಿ ದೆಲ್ಫಿನ್ ಆ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ಐದು ಪೆಸೊ ತೋಂಗ್ ಕೊಟ್ಟರೆ ಒಂದು ಪಾಯಿಂಟು ಎಂದು ಅಲ್ಲಿತ್ತು.

"ಈ ತಿಂಗಳು ನಿನ್ನ ಹತ್ರ ಎಷ್ಟು ಪಾಯಿಂಟಿದೆ?"

"ಎರಡು ಸಾವಿರ."

ರೊಸೆಂದಾಳೇ ಗುಣಿಸಿದಳು. ಮೀನು ಕೊಳ್ಳುವವಳ ನಾಲಿಗೆಗೆ ಲೆಕ್ಕ ಬೇಗ ಬರುತ್ತದೆ. "ಹತ್ತು ಸಾವಿರ ಪೆಸೊ."

"ಹತ್ತು ಸಾವಿರ ಡಬ್ಬಿಗೆ ಹಾಕಿದೀಯ ನೊಂಗ್. ಅದರಲ್ಲಿ ನೂರಕ್ಕೆ ಹತ್ತು ಅಂತ ಸಾವಿರ ವಾಪಸ್ ಕೊಟ್ಟು, ನಿನ್ನ ಬೆಳ್ಳಿ ಅಂತ ಕರೆದಿದಾರೆ. ಇವತ್ತು ಅಬುಂದಿಯೊ ಹೆಂಡ್ತಿ ಡಬ್ಬಿಯಿಂದ ಹತ್ತರಲ್ಲಿ ಒಂದು ಪೆಸೊ ವಾಪಸ್ ಕೊಟ್ಟು, 'ತಗೊಳ್ಳಿ, ನೀವು ಬೆಳ್ಳಿ ದರ್ಜೆ ದುಃಖಿತರು, ನಾಳೆ ಇನ್ನೂ ಜಾಸ್ತಿ ಆಡಿದ್ರೆ ಚಿನ್ನದ ದರ್ಜೆ ದುಃಖಿತರಾಗ್ತೀರಿ' ಅಂದಿದ್ರೆ?"

ನೊನಿತೊಗೆ ಸಾರು ನೆತ್ತಿಗೇರಿತು. ರೊಸೆಂದಾ ಅವನ ಬೆನ್ನು ತಟ್ಟಿದಳು. ದೆಲ್ಫಿನ್ ನಗಲಿಲ್ಲ.

"ಅದು ತೋಂಗ್," ಅಂದ ನಿಧಾನವಾಗಿ. "ತೋಂಗನ್ನ ಯಾರು ಲೆಕ್ಕ ಇಡ್ತಾರೆ?"

"ಅದೇ ನೋಡು. ನಮ್ಮ ಜನಕ್ಕೆ ತೋಂಗ್ ಅಂದ್ರೆ ದಾನ. ಕೊಟ್ವಿ, ಮರೆತ್ವಿ. ಆದ್ರೆ ಅಲ್ಲಿ ಸತ್ತಿರೋರು ಯಾರು ನೊಂಗ್? ಯಾರ ಪೆಟ್ಟಿಗೆ ಖರ್ಚಿಗೆ ಕೊಡ್ತಿದೀಯ?"

ದೆಲ್ಫಿನ್ ಅಂಗಡಿಯ ಗೋಡೆ ನೋಡಿದ. ಅಲ್ಲೊಂದು ಹಲಗೆ ಇತ್ತು: ಹತ್ತು ಬಟ್ಟಲು ತಿಂದರೆ ಹನ್ನೊಂದನೆಯದು ಉಚಿತ. ಅವನಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು.

"ಊರಿಗೆಲ್ಲ ಬುದ್ಧಿ ಹೇಳ್ತೀಯ. ನೀನೂ ಇಟ್ಟಿದೀಯಲ್ಲ, ಮುದ್ರೆ ಒತ್ತೋ ಕಾರ್ಡು?"

"ಇಟ್ಟಿದೀನಿ. ಹನ್ನೊಂದನೇ ಬಟ್ಟಲಿನ ದುಡ್ಡನ್ನ ಮೊದಲ ಹತ್ತರಲ್ಲೇ ತಗೊಂಡಿರ್ತೀನಿ. ಇಲ್ಲಾಂದ್ರೆ ಕೊಡೋಕೆ ನನಗೇನು ಹುಚ್ಚಾ? ಹಸಿವಾದಾಗ ಬಂದು ತಿನ್ನೋನಿಗೆ ಆ ಒಂದು ಬಟ್ಟಲು ಲಾಭವೇ. ಮುದ್ರೆಗೋಸ್ಕರ ಹಸಿವಿಲ್ಲದೆ ದಿನಕ್ಕೆ ಮೂರು ಬಟ್ಟಲು ತಿಂದ್ರೆ ಲಾಭ ಯಾರಿಗೆ? ಪುಣ್ಯಕ್ಕೆ ಬಾಚೊಯ್ ತಿಂದ್ರೆ ಹೊಟ್ಟೆ ತುಂಬಿ ಸಾಕು ಅನ್ನುತ್ತೆ. ಪೋಕರಿಗೆ ಹೊಟ್ಟೆ ಎಲ್ಲಿದೆ?"

"ನನಗೂ ಬೋನಸ್ ಅಂದಿದ್ರು," ಎಂದ ನೊನಿತೊ, ಕಣ್ಣೊರೆಸಿಕೊಳ್ಳುತ್ತಾ. "ಸಾವಿರ ಹಾಕಿದ್ರೆ ಸಾವಿರ ಬೋನಸ್ಸು. ಇವನೇ ನನ್ನ ಸೇರಿಸಿದ್ದು. ಹಾಕಿದೆ. ಬೋನಸ್ ಕಣ್ಣಿಗೆ ಕಾಣುತ್ತೆ, ಕೈಗೆ ಬರಲ್ಲ."

"ಪಾಯಿಂಟು ಕೂಡಿದ ಹಾಗೆ ಚೂರುಚೂರೇ ಬಿಡ್ತಾರೆ. ಮೂವತ್ತು ದಿನದೊಳಗೆ ಆಗದಿದ್ರೆ ಉಳಿದಿದ್ದು ಮಾಯ. ನಿಂಗೆ ಎಷ್ಟು ಬಂತು?"

"ನೂರು."

"ಆ ನೂರಕ್ಕೆ ಎಷ್ಟು ತೋಂಗ್ ಕೊಟ್ಯೋ ಏನೋ. ಒಬ್ಬರನ್ನ ಸೇರಿಸಿದ್ದಕ್ಕೆ ನೊಂಗ್ ದೆಲ್ಫಿನ್‌ಗೂ ಏನಾದ್ರೂ ಕೊಟ್ಟಿರ್ತಾರೆ."

ಮೂವರೂ ದೆಲ್ಫಿನ್ ಕಡೆ ನೋಡಿದರು.

"ಐನೂರು ಪೆಸೊ ಟಿಕೆಟ್ಟು," ಅಂದ ಅವನು. "ಪಂದ್ಯಕ್ಕೆ ಮಾತ್ರ. ಅದೂ ಹೋಯ್ತು."

"ಆಹಾ, ನನ್ನ ಐನೂರಕ್ಕೆ ಮಾರಿದ್ಯೇನಯ್ಯಾ," ಅಂದ ನೊನಿತೊ. "ಕೇಳಿದ್ರೆ ನಮ್ಮಮ್ಮ ಇನ್ನೂ ಕಮ್ಮಿಗೆ ಕೊಡ್ತಿದ್ಲು."

ಆಗ ದೆಲ್ಫಿನ್‌ಗೂ ತಡೆಯಲಾಗದೆ ನಗು ಬಂತು. ನಕ್ಕ ಮೇಲೆ ಬಿಗಿತ ಸ್ವಲ್ಪ ಸಡಿಲವಾಯಿತು. ಆದರೂ ಬಿಡಲಿಲ್ಲ.

"ಇರಲಿ. ಕೊಟ್ಟಿದ್ದು ಕೊಟ್ಟಾಯ್ತು. ಈಗ ಚಿನ್ನಕ್ಕೆ ಸಾವಿರ ಪಾಯಿಂಟು ಬಾಕಿ. ಎರಡು ಸಾವಿರ ಉಡುಗೊರೆ ಬರುತ್ತಲ್ಲ."

"ಸಾವಿರ ಪಾಯಿಂಟಿಗೆ ತೋಂಗ್ ಎಷ್ಟು, ಅಕ್ಕಾ?"

"ಐದು ಸಾವಿರ," ಅಂದಳು ರೊಸೆಂದಾ. ಅವಳ ಫೋನಿನಲ್ಲಿ ಅದೇ ಅಂಕಿ ಇನ್ನೂ ಕಾಯುತ್ತಿತ್ತು.

"ಎಲೆ ನಿನ್ನ ಕಡೆಗೂ ಬೀಳಲ್ಲ, ಎದುರಿನೋರ ಕಡೆಗೂ ಬೀಳಲ್ಲ, ಸರಿಸಮ ಅಂತ ಇಟ್ಕೋ. ಆಗಲೂ ಈ ಐದು ಸಾವಿರ ಪೂರ್ತಿ ಡಬ್ಬಿಗೆ ಹೋದ ಮೇಲೇ ನಿನಗೆ ಆ ಸಾವಿರ ಪಾಯಿಂಟು. ಬೆಳ್ಳಿಯೋನಿಗೆ ಐನೂರು ವಾಪಸ್ ಕೊಡ್ತಾರೆ. ಇನ್ನು ಆ ಉಡುಗೊರೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಓದು."

ದೆಲ್ಫಿನ್ ಓದಿದ. ಎರಡು ಸಾವಿರ ಪೆಸೊ ನಗದಲ್ಲ, ಪಂದ್ಯದ ಟಿಕೆಟ್ಟು. ಏಳು ದಿನದೊಳಗೆ ಆಡಬೇಕು, ಹೊರಗೆ ತೆಗೆಯುವಂತಿಲ್ಲ.

"ಮತ್ತೆ ರೈಸ್ ಕುಕ್ಕರು?" ಅಂದಳು ರೊಸೆಂದಾ. ಕೇಳಬಾರದೆಂದುಕೊಂಡಿದ್ದಳು, ಬಾಯಿಗೆ ಬಂದುಬಿಟ್ಟಿತು.

"ಎಷ್ಟು ಪಾಯಿಂಟು?"

"ಸಾವಿರದ ಐನೂರು." ಅನ್ನುತ್ತಲೇ ಅವಳ ನಾಲಿಗೆ ಗುಣಿಸಿತು. ಏಳೂವರೆ ಸಾವಿರ ಪೆಸೊ ತೋಂಗ್. ಪೇಟೆಯಲ್ಲಿ ಅದೇ ಕೆಂಪು ಕುಕ್ಕರಿಗೆ ಒಂಬೈನೂರು. ಮಾರುಕಟ್ಟೆಯಲ್ಲಿ ಒಂದು ಮೀನಿಗೆ ಎರಡು ಪೆಸೊ ಇಳಿಸಲು ಕಾಲು ಗಂಟೆ ಜಗಳವಾಡುವ ಹೆಂಗಸು ತಾನು ಎಂದು ನೆನೆದು ಅವಳಿಗೆ ಕಿವಿ ಬಿಸಿಯಾಯಿತು. ಅವನೊಬ್ಬನನ್ನೇ ಬೈಯುವ ಹಾಗಿರಲಿಲ್ಲ.

"ಪೂರ್ತಿ ಲೆಕ್ಕ ಮಾಡು ಇಂದಾಯ್," ಅಂದಳು. "ನಾಲ್ಕು ತಿಂಗಳದ್ದೂ. ನಾನು ಬರ್ಕೋತೀನಿ."

ಬಿಲ್ಲು ಹರಿಯುವ ಪುಸ್ತಕದ ಹಿಂಬದಿಯಲ್ಲಿ ಬರೆದರು. ದೆಲ್ಫಿನ್ ತನ್ನ ಖಾತೆ ತೆರೆದು ಒಂದೊಂದೇ ಅಂಕಿ ಓದಿದ. ಓದುತ್ತಾ ಹೋದಂತೆ ದನಿ ಇಳಿಯಿತು. ನಾಲ್ಕು ತಿಂಗಳಲ್ಲಿ ಹಾಕಿದ್ದು ಮೂವತ್ತೊಂದು ಸಾವಿರದ ಐನೂರು. ತೆಗೆದದ್ದು ಒಂಬತ್ತು ಸಾವಿರ. ಖಾತೆಯಲ್ಲಿ ಉಳಿದದ್ದು ಸೊನ್ನೆ. ಅಂದರೆ ಹೋದದ್ದು ಇಪ್ಪತ್ತೆರಡು ಸಾವಿರದ ಐನೂರು. ರೊಸೆಂದಾಗೆ ಇಷ್ಟು ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಇನ್ನೂರು, ಮುನ್ನೂರು ಎಂದು ಹೋದ ದುಡ್ಡಿಗೆ ಮುಖ ಇರುವುದಿಲ್ಲ.

ನಾಲ್ಕು ತಿಂಗಳ ಪಾಯಿಂಟು ಒಟ್ಟು ಐದು ಸಾವಿರ. ಅಂದರೆ ತೋಂಗ್ ಇಪ್ಪತ್ತೈದು ಸಾವಿರ ಪೆಸೊ. ಅದರಲ್ಲಿ ವಾಪಸ್ ಬಂದದ್ದು ಸಾವಿರದ ಎಂಟುನೂರು.

ರಿಸಲಿನಾ ಪೆನ್ಸಿಲ್ ತೆಗೆದುಕೊಂಡು ಕೆಳಗೊಂದು ಗೆರೆ ಎಳೆದಳು. "ವಾಪಸ್ ಬಂದಿದ್ದು ಕಳೆದ್ರೆ ತೋಂಗಿಗೆ ಹೋಗಿದ್ದು ಇಪ್ಪತ್ಮೂರು ಸಾವಿರದ ಇನ್ನೂರು. ನೀನು ಕಳ್ಕೊಂಡಿದ್ದು ಇಪ್ಪತ್ತೆರಡೂವರೆ ಸಾವಿರ. ಅಂದ್ರೆ ಏಳು ನೂರು ಪೆಸೊನ ಆಟದಲ್ಲಿ ಎದುರಿನೋರಿಂದ ಗೆದ್ದಿದೀಯ ನೊಂಗ್. ನಿನಗೆ ಆಟ ಬರಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ."

ದೆಲ್ಫಿನ್ ಆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು ನೋಡಿದ. ಸೋತಿದ್ದರೆ ಅವನು ವಾದ ಮಾಡುತ್ತಿದ್ದನೋ ಏನೋ. ಆದರೆ ಗೆದ್ದೂ ದುಡ್ಡು ಹೋಗಿತ್ತು.

"ನಾಲ್ಕು ತಿಂಗಳು ಕೂತು ಗೆದ್ದಿದ್ದು ಏಳು ನೂರು," ಅಂದ. "ಹಡಗಲ್ಲಿ ಅರ್ಧ ದಿನದ ಕೂಲಿ ಅಲ್ಲ ಅದು."

"ಒಂದನೇ ತಾರೀಖು ಬೆಳ್ಳಿ ಹೋಗುತ್ತಲ್ಲ?" ಅಂದ ನೊನಿತೊ ಕೆಣಕುತ್ತಾ.

"ಹೋಗ್ಲಿ ಬಿಡು. ನನ್ನ ದುಡ್ಡಿಗೆ ಅವರು ಬಳಿದ ಬಣ್ಣ ತಾನೆ." ಅವನು ಹೆಂಡತಿಯ ಫೋನಿಗೆ ಕೈ ಚಾಚಿ, ಐದು ಸಾವಿರದ ಪುಟವನ್ನು ತಾನೇ ಮುಚ್ಚಿದ. ಆಮೇಲೆ ಮೆಲ್ಲಗೆ ಅಂದ: "ಇಂದಾಯ್, ಈ ಖಾತೆ ನನ್ನ ಕೈಲಿ ಇದ್ರೆ ಮತ್ತೆ ದುಡ್ಡು ಹಾಕ್ತೀನಿ. ನನಗೆ ನನ್ನ ಗುಣ ಗೊತ್ತು."

"ಅದಕ್ಕೂ ಗುಂಡಿ ಇದೆ. ಖಾತೇನ ನೀನೇ ಆರು ತಿಂಗಳು ಬೀಗ ಹಾಕ್ಕೊಳ್ಳಬಹುದು. ಎಲ್ಲೋ ಮೂಲೇಲಿ ಇಟ್ಟಿರ್ತಾರೆ, ಪಾಯಿಂಟಿನ ಗುಂಡಿ ಹಾಗೆ ಮುಂದೆ ಇಡಲ್ಲ. ಸಂದೇಶ ಬರೋದನ್ನೂ ನಿಲ್ಲಿಸು."

ಆ ಗುಂಡಿ ಹುಡುಕಿ ಒತ್ತುವಷ್ಟರಲ್ಲಿ ಸಾರು ಆರಿಹೋಗಿತ್ತು. ರಿಸಲಿನಾ ಮತ್ತೆ ಬಿಸಿ ಮಾಡಿ ತಂದಳು. ಅದಕ್ಕೆ ಮುದ್ರೆ ಒತ್ತಲಿಲ್ಲ, ದುಡ್ಡೂ ತಗೊಳ್ಳಲಿಲ್ಲ.

ಮುಂದಿನ ವಾರ ಸುಲಭವಾಗಿರಲಿಲ್ಲ. ದೆಲ್ಫಿನ್ ಕೈ ಆಗಾಗ ಖಾಲಿ ಜೇಬಿಗೆ ಹೋಗುತ್ತಿತ್ತು. ಮನಿಲಾಕ್ಕೆ ಹೊರಡುವವರೆಗೆ ಇರಲಿ ಎಂದು ಫೋನನ್ನು ಅವನೇ ಹೆಂಡತಿಗೆ ಕೊಟ್ಟಿದ್ದ. ಒಂದು ದಿನ ಸುಮ್ಮಸುಮ್ಮನೆ ಸಿಡುಕಿದ, ಬಾಗಿಲು ದಢಾರನೆ ಹಾಕಿಕೊಂಡು ಹೋದ. ರೊಸೆಂದಾ ಹಿಂದೆ ಹೋಗಲಿಲ್ಲ. ಸಂಜೆ ನೋಡಿದರೆ ಅಬುಂದಿಯೊ ಮನೆಯ ಹಿತ್ತಲಲ್ಲಿ, ಮಣ್ಣಿಗೆ ಬಂದವರ ಊಟಕ್ಕೆ ದೊಡ್ಡ ಕಡಾಯಿಯಲ್ಲಿ ಶಾವಿಗೆ ಕೈಯಾಡಿಸುತ್ತಿದ್ದ. ಎಂಬತ್ತು ಜನ ಉಂಡರು. ಒಂದು ಎಳೆಯೂ ತಳ ಹಿಡಿದಿರಲಿಲ್ಲವಂತೆ.

ಒಂದನೇ ತಾರೀಖು ಬಂತು, ಬೆಳ್ಳಿ ದರ್ಜೆ ಹೋಯಿತು. ಮನೆಯಲ್ಲಿ ಯಾವ ಪಾತ್ರೆಯೂ ಅಲುಗಲಿಲ್ಲ.

ಎರಡನೇ ತಾರೀಖು ಮಧ್ಯಾಹ್ನ ಮನಿಲಾದಿಂದ ಅವನ ಫೋನು ಬಂತು.

"ತಪಾಸಣೆ ಆಯ್ತು ಕಣೇ. ಪಾಸು. ರಕ್ತದೊತ್ತಡ ಸ್ವಲ್ಪ ಜಾಸ್ತಿ, ಉಪ್ಪು ಕಮ್ಮಿ ಮಾಡಿ ಅಂದ್ರು. ಅಡುಗೆಯೋನಿಗೇ ಹೇಳ್ತಾರೆ ನೋಡು."

"ಪತ್ರ?"

"ನಾಳೆ ಕೊಡ್ತಾರೆ. ಹನ್ನೆರಡನೇ ತಾರೀಖು ಹಡಗು." ಹಿಂದೆ ಯಾರೋ ಹೆಸರು ಕೂಗುವ ಸದ್ದು. "ಇಲ್ಲಿ ಸಾಲಲ್ಲಿ ನನ್ನ ಪಕ್ಕ ಒಬ್ಬ ಇಂಜಿನ್ ಕೋಣೆಯೋನು ಕೂತಿದಾನೆ. ಬಂದಾಗಿಂದ ತಲೆ ಎತ್ತಿಲ್ಲ. ಕೇಳಿದೆ, ಮುನ್ನೂರು ಪಾಯಿಂಟು ಬಾಕಿಯಂತೆ."

"ನೀನೇನಂದೆ?"

"ಎಷ್ಟು ತೋಂಗ್ ಕೊಟ್ಟಿದೀಯ ತಮ್ಮಾ ಅಂದೆ. ಗೊತ್ತಿಲ್ಲ ಅಂದ. ಇರು, ಆಮೇಲೆ ಮಾಡ್ತೀನಿ, ಅವನಿಗೊಂದು ಪೆನ್ನು ಬೇಕಂತೆ."

ಓದುವ ಅಕ್ಕಂದಿರೇ, ಕೇಳುವ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ದುಡ್ಡಿನ ಆಟದಲ್ಲಿ ಪಾಯಿಂಟು, ದರ್ಜೆ, ಬೋನಸ್ಸು ಎನ್ನುತ್ತಿದ್ದರೆ ಅವರ ಮೇಲೆ ಕೂಗಾಡಬೇಡಿ. ಒಂದು ಹಾಳೆ, ಒಂದು ಪೆನ್ನು ಹಿಡಿದು ಅವರ ಪಕ್ಕ ಕೂತುಕೊಳ್ಳಿ. ಹಾಕಿದ್ದೆಷ್ಟು, ತೆಗೆದದ್ದೆಷ್ಟು ಬರೆಯಿರಿ. ಒಂದು ಪಾಯಿಂಟಿಗೆ ಎಷ್ಟು ದುಡ್ಡು ಡಬ್ಬಿಗೆ ಹೋಗುತ್ತದೆ ಎಂಬುದನ್ನು ನಿಯಮದ ಪುಟದಲ್ಲಿ ಹುಡುಕಿ ಗುಣಿಸಿ. ಬಹುಮಾನವಾಗಿ ಬರುವುದು ನೀವು ಮೊದಲೇ ಕೊಟ್ಟದ್ದರ ಒಂದು ಚೂರು, ಅದಕ್ಕಿಂತ ಹೆಚ್ಚಲ್ಲ. ಇನ್ನು ಸ್ವಲ್ಪವೇ ಬಾಕಿ, ಇನ್ನು ಏಳೇ ದಿನ ಎಂಬ ಸಂದೇಶ ಬಂದಾಗ ಅದು ನಿಮ್ಮ ಲಾಭಕ್ಕಾಗಿ ಬಂದದ್ದಲ್ಲ ಎಂದು ತಿಳಿಯಿರಿ. ಫೀಸಿಗೆ, ಔಷಧಿಗೆ, ಪ್ರಯಾಣಕ್ಕೆ ಎತ್ತಿಟ್ಟ ದುಡ್ಡನ್ನು ಒಂದು ದರ್ಜೆ ಉಳಿಸಿಕೊಳ್ಳಲು ಮುಟ್ಟಬೇಡಿ. ಕೈ ತಡೆಯುವುದಿಲ್ಲ ಅನ್ನಿಸಿದರೆ ಖಾತೆಗೆ ಬೀಗ ಹಾಕಿ, ಮನೆಯವರಿಗೆ ಹೇಳಿ, ಆಗಲೂ ಆಗದಿದ್ದರೆ ವೈದ್ಯರ ಹತ್ತಿರ ಮಾತಾಡಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲೆಕ್ಕವನ್ನು ನಾಳೆ ಅನ್ನಬೇಡಿ, ಇವತ್ತೇ ಮಾಡಿ.